ಗಾಜಿನ ಹಿಂದಿನ ಸೊಣ್ಣಮ್ಮ

“ತಾತ, ಫ್ರೇಮ್ ಬಿಚ್ಚಲಾ?”

ಹರ್ಷಿತ ಕುರ್ಚಿ ಹತ್ತಿ ನಿಂತಿದ್ದಳು. ಗೋಡೆಯ ಮೇಲಿನ ಫೋಟೋಗೆ ಕೈ ಹಾಕಿಯೂ ಆಗಿತ್ತು.

“ಇಳಿ ಕೆಳಕ್ಕೆ,” ಅಂದರು ಆದಿನಾರಾಯಣಪ್ಪ. ಗದರಲಿಲ್ಲ. ಗದರುವ ಶಕ್ತಿ ಮುಗಿದು ವರ್ಷಗಳಾಗಿದ್ದವು.

“ಅಜ್ಜಿ ಫೋಟೋ ಇಲ್ದೆ ಪುಸ್ತಕ ಹೆಂಗೆ ಮುಗಿಸ್ಲಿ? ಮೊದಲನೇ ಪುಟಾನೇ ಖಾಲಿ.”

ಪುಸ್ತಕ ಚಾಪೆಯ ಮೇಲೆ ಬಿದ್ದಿತ್ತು. ದಪ್ಪನೆಯ ಕಪ್ಪು ಹಾಳೆಗಳು. ವಾರದಿಂದ ಮೊಮ್ಮಗಳು ತೀರಿಹೋದವರನ್ನೆಲ್ಲ ಹುಡುಕಿ ತಂದು ಅದರಲ್ಲಿ ಅಂಟಿಸುತ್ತಿದ್ದಳು. ಅವಳ ತಾಯಿ ಕಡೆಯ ಅಜ್ಜಿ ಮಾರಕ್ಕನ ಹೆಬ್ಬೆಟ್ಟಿದ್ದ ರೇಷನ್ ಕಾರ್ಡು, ಆ ಕಡೆಯ ತಾತ ಅಪ್ಪಯ್ಯಣ್ಣನ ಬಸ್ ಪಾಸು. ಇನ್ನು ಮೂರು ದಿನಕ್ಕೆ ಹಿರಿಯರ ಹಬ್ಬ. ಎಡೆಯ ಪಕ್ಕ ಪುಸ್ತಕ ಇಡಬೇಕೆಂದು ಅವಳ ಹಟ.

“ಗಾಜಿನ ಮೇಲಿಂದಾನೇ ಮೊಬೈಲಲ್ಲಿ ಹೊಡ್ಕೊಳಮ್ಮ.”

“ಹೊಡೆದೆ ತಾತ. ಅಜ್ಜಿ ಮೂತಿ ಮೇಲೆ ಟ್ಯೂಬ್‌ಲೈಟ್ ಬಂದು ಕೂತೈತೆ.”

ತಾಲ್ಲೂಕು ಕಚೇರಿಯಿಂದ ಊಟಕ್ಕೆ ಬಂದಿದ್ದ ಮಗ ಕೆಂಪರಾಜ್ ತಟ್ಟೆಯ ಮುಂದಿನಿಂದಲೇ ಹೇಳಿದ. “ಅದನ್ನ ಮುಟ್ಟಬೇಡ ಅಂದಿದ್ದೆ ತಾನೇ? ತಾತಂಗೆ ಬೇಜಾರಾಗುತ್ತೆ.”

“ಸ್ಕ್ಯಾನ್ ಮಾಡಿಸಿ ಸಾಯಂಕಾಲಕ್ಕೇ ತಂದಿಡ್ತೀನಪ್ಪ. ನೋಡು ಇಲ್ಲಿ, ನನ್ನ ಮೂಗು ಅಜ್ಜೀದೇ.”

ಕೆಂಪರಾಜ್ ಫೋಟೋ ನೋಡಲಿಲ್ಲ. ಅಪ್ಪನ ಕಡೆ ನೋಡಿದ. “ಯಾರದ್ದಾದ್ರೇನು, ಚೆನ್ನಾಗೈತೆ ಬಿಡು.”

ಇನ್ನು ತಡೆಯಲಾಗುವುದಿಲ್ಲ ಎಂದು ಮುದುಕರಿಗೆ ಅನ್ನಿಸಿತು. “ನಾನೇ ಬಿಚ್ಚಿ ಕೊಡ್ತೀನಿ. ನೀನು ಕಾಲೇಜಿಗೆ ಹೋಗಿ ಬಾ.”

ಕೆಂಪರಾಜ್ ಮುರಿದ ಮುದ್ದೆ ಸಾರಿನಲ್ಲೇ ಉಳಿಯಿತು. “ಯಾಕಪ್ಪ ಈಗ? ಇರ್ಲಿ ಬಿಡು.”

“ಇರಲಿ ಇರಲಿ ಅಂತ ನಲವತ್ತೈದು ವರ್ಷ ಆಯ್ತು,” ಅಂದರು ಆದಿನಾರಾಯಣಪ್ಪ.

ಮಗ ತಟ್ಟೆ ಬಿಟ್ಟು ಎದ್ದ. ಕೈ ತೊಳೆದು, ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ಹೋದ.

ಹರ್ಷಿತ ಫ್ರೇಮ್ ಇಳಿಸಿ ಕೊಟ್ಟು ಕಾಲೇಜಿಗೆ ಹೊರಟ ಮೇಲೆ ಮನೆ ಖಾಲಿಯಾಯಿತು. ಬೀದಿಯ ಮಗ್ಗಗಳ ಸದ್ದು ಮಾತ್ರ ಉಳಿಯಿತು. ಮುದುಕರು ಫ್ರೇಮನ್ನು ತೊಡೆಯ ಮೇಲೆ ಮಕಾಡೆ ಇಟ್ಟುಕೊಂಡು ಕೂತರು. ಪಕ್ಕದಲ್ಲಿ ಒಂದು ಇಕ್ಕಳ, ಮೊಮ್ಮಗಳ ಡಬ್ಬಿಯಿಂದ ತೆಗೆದ ಒಂದು ರಬ್ಬರು.

ಹೆಂಡತಿ ಸೊಣ್ಣಮ್ಮ ನಲ್ಲೂರಿನಲ್ಲಿ ತೀರಿಕೊಂಡಾಗ ಕೆಂಪರಾಜ್‌ಗೆ ಎರಡು ವರ್ಷ. ಬದುಕಿದ್ದಾಗ ಅವಳ ಫೋಟೋ ಯಾರೂ ತೆಗೆದಿರಲಿಲ್ಲ. ಅವಳ ಕಡೆಯವರೆಂದು ಯಾರೂ ಉಳಿದಿರಲಿಲ್ಲ. ಆದಿನಾರಾಯಣಪ್ಪ ಮಗುವನ್ನು ಹೆಗಲಿಗೆ ಹಾಕಿಕೊಂಡು ಮಗ್ಗದ ಕೆಲಸ ಹುಡುಕಿ ದೊಡ್ಡಬಳ್ಳಾಪುರಕ್ಕೆ ಬಂದರು. ಇಲ್ಲಿ ಅವಳನ್ನು ಕಂಡವರೇ ಇಲ್ಲ. ಹಿರಿಯರ ಹಬ್ಬ ಬಂದರೆ ಚೊಂಬಿಗೆ ಅವಳ ಸೀರೆ ಸುತ್ತಿ, ಕುಂಕುಮ ಇಟ್ಟು, ಎಡೆ ಹಾಕುತ್ತಿದ್ದರು. ವಠಾರದ ಉಳಿದ ಮನೆಗಳಲ್ಲಿ ಫೋಟೋಗಳಿದ್ದವು. ಒಂದನೇ ಕ್ಲಾಸಿನ ಹುಡುಗ ಎಲ್ಲ ಮನೆ ಸುತ್ತಿ ಬಂದು ಕೇಳಿದ್ದ. “ಅಪ್ಪ, ನಮ್ಮಮ್ಮ ಚೊಂಬಾ?”

ಮಾರನೆಯ ದಿನ ಆದಿನಾರಾಯಣಪ್ಪ ಹಳೇ ಬಸ್‌ಸ್ಟ್ಯಾಂಡಿನ ಬಳಿಯ ಸ್ಟುಡಿಯೋಗೆ ಹೋದರು. ತೆಗೆಸಿಕೊಂಡವರು ಬಾರದೆ ಉಳಿದುಹೋದ ಫೋಟೋಗಳು ಅಲ್ಲಿ ಒಂದು ಡಬ್ಬಿಯಲ್ಲಿದ್ದವು. ಎರಡು ಸೇರು ರಾಗಿ ಕೊಟ್ಟು ಒಬ್ಬ ಹೆಂಗಸನ್ನು ಆರಿಸಿಕೊಂಡರು. ಫೋಟೋದ ಹಿಂಬದಿಯಲ್ಲಿ ಅವಳ ಹೆಸರು, ಊರು ಇಂಗ್ಲಿಷಿನಲ್ಲಿ ಪೆನ್ಸಿಲಿನಿಂದ ಬರೆದಿತ್ತು. ಸ್ಟುಡಿಯೋದವನು ಓದಿ ಹೇಳಲು ಹೊರಟ. “ಬೇಡ ಸ್ವಾಮಿ, ಹೇಳಬೇಡಿ,” ಅಂದಿದ್ದರು. ಅಳಿಸಬೇಕೆಂದು ಅವತ್ತು ತೋಚಲಿಲ್ಲ. ಅದೊಂದೇ ತಪ್ಪಾಗಿದ್ದು.

ಫೋಟೋ ಬಂದಮೇಲೆ ಮಗ ಅದರ ಮುಂದೆಯೇ ಓದಿದ, ಅದಕ್ಕೆ ಹೇಳಿ ಪರೀಕ್ಷೆಗೆ ಹೋದ. ಆರನೇ ಕ್ಲಾಸಿನಲ್ಲಿ ಚೆಂಡು ಹೊಡೆದು ಅದರ ಗಾಜು ಒಡೆದಾಗ ಎರಡು ದಿನ ಊಟ ಬಿಟ್ಟ. ತಾನೇ ಅಂಗಡಿಗೆ ಹೊತ್ತುಕೊಂಡು ಹೋಗಿ ಹೊಸ ಗಾಜು ಹಾಕಿಸಿ ತಂದ. ಆಮೇಲೆ ಅಮ್ಮನ ವಿಷಯ ಕೇಳುವುದನ್ನೇ ಬಿಟ್ಟ. ಹೂವು ಮಾತ್ರ ಒಂದು ಹಬ್ಬಕ್ಕೂ ತಪ್ಪಿಸಲಿಲ್ಲ. ಹುಡುಗ ದೊಡ್ಡವನಾದ ಎಂದುಕೊಂಡಿದ್ದರು ಮುದುಕರು.

ಈಗ ಕಣ್ಣು ಮುಚ್ಚಿದರೆ ಅವರಿಗೂ ಈ ಹೆಂಗಸಿನ ಮುಖವೇ ಬರುತ್ತಿತ್ತು. ಸೊಣ್ಣಮ್ಮನದು ಬರುತ್ತಿರಲಿಲ್ಲ. ತಮ್ಮ ಪಾಲಿನ ಮುಖ ಹೋದರೆ ಹೋಗಲಿ. ಮಗನಿಗೆ ಇರುವುದು ಇದೊಂದೇ ತಾಯಿ. ಐವತ್ತು ದಾಟಿದ ಅವನನ್ನು ಮತ್ತೊಮ್ಮೆ ತಬ್ಬಲಿ ಮಾಡುವ ಆಸೆ ಅವರಿಗಿರಲಿಲ್ಲ. ಅಕ್ಷರ ಅಳಿಸಿಬಿಟ್ಟರೆ ಮುಗಿಯಿತು. ಹರ್ಷಿತ ಎಲ್ಲಿಗೆ ಬೇಕಾದರೂ ಒಯ್ಯಲಿ.

ಮೊಳೆಗಳನ್ನು ಒಂದೊಂದಾಗಿ ಕಿತ್ತರು. ರಟ್ಟು ಸರಿಸಿ ರಬ್ಬರು ಕೈಗೆ ತೆಗೆದುಕೊಂಡರು.

ಪೆನ್ಸಿಲಿನ ಬರಹ ಕಾಣಲಿಲ್ಲ. ಅದರ ಮೇಲೆ ಕಾಪಿ ಪುಸ್ತಕದ ಹಾಳೆಯೊಂದನ್ನು ಮಗ್ಗದ ಗಂಜಿಯಿಂದ ಅಂಟಿಸಿತ್ತು. ಹಳದಿ ತಿರುಗಿದ ಹಾಳೆ. ಮೇಲೆ ಮಸಿಯಲ್ಲಿ ಕನ್ನಡದ ದಪ್ಪ ಅಕ್ಷರಗಳು, ಮಕ್ಕಳು ಬರೆಯುವಂಥವು. ಆದಿನಾರಾಯಣಪ್ಪ ಬಸ್ಸಿನ ಬೋರ್ಡು ಓದುವ ಹಾಗೆ ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದರು.

“ಇವರು ಬೇರೆ ಯಾರೋ. ನನಗೆ ಗೊತ್ತಾಗಿದೆ ಅಂತ ನಮ್ಮಪ್ಪನಿಗೆ ಹೇಳಬೇಡಿ.”