ಸದಸ್ಯರೇ ಮಾತಾಡಬೇಕು

ಗಂಡ ತೀರಿಕೊಂಡು ನಲವತ್ತು ದಿನಗಳಾಗಿದ್ದವು. ಇನ್ನೊಂದು ವಾರಕ್ಕೆ ನ್ಯೂಜಿಲೆಂಡಿನಲ್ಲಿ ಮಗಳ ಹೆರಿಗೆ. ಪಂಪ್‌ಸೆಟ್ ಕಂಪನಿಯ ಕೆಲಸಕ್ಕೆಂದು ದೇಶದೇಶ ಹಾರಾಡಿ ಗಂಡ ಕೂಡಿಟ್ಟಿದ್ದ, ಹಣದ ಬದಲು ಟಿಕೆಟ್ ಕೊಡಿಸುವ ವಿಮಾನದ ಪಾಯಿಂಟ್ಸ್ ಬಿಟ್ಟರೆ ಇಂದುಮತಿಯವರಿಗೆ ಅಲ್ಲಿಗೆ ಹೋಗಲು ಬೇರೆ ದಾರಿಯಿರಲಿಲ್ಲ. ಪಾಯಿಂಟ್ಸ್ ಯೋಜನೆಯ ಸದಸ್ಯ ಸತ್ತರೆ ಅವು ರದ್ದಾಗುತ್ತವೆ ಎಂದು ಯಾರೋ ಹೆದರಿಸಿದ್ದರಿಂದ ಸಾವಿನ ಸುದ್ದಿಯನ್ನು ವಿಮಾನ ಕಂಪನಿಗೆ ಅವರು ತಿಳಿಸಿರಲಿಲ್ಲ.

ಫೋನಿನಲ್ಲಿದ್ದ ವಿಮಾನ ಕಂಪನಿಯ ಹುಡುಗಿ ಮುಕ್ಕಾಲು ಗಂಟೆ ಹುಡುಕಿ, ಮೂರು ಬೇರೆ ಬೇರೆ ಕಂಪನಿಗಳ ವಿಮಾನಗಳನ್ನು ಒಂದಕ್ಕೊಂದು ಜೋಡಿಸಿದಳು. ಅವಳ ಮಾತು ಸ್ಪೀಕರಿನಲ್ಲಿ ಕೇಳಿಸುತ್ತಿತ್ತು.

"ಮೇಡಂ, ಕೊನೆ ವಿಮಾನದಲ್ಲಿ ಒಂದೇ ಸೀಟಿದೆ. ಸಾರ್‌ಗೆ ಫೋನ್ ಕೊಡಿ. ಸದಸ್ಯರೇ ಒಪ್ಪಿಗೆ ಹೇಳಬೇಕು."

"ಅವರು... ಸ್ನಾನಕ್ಕ ಹೋಗ್ಯಾರ್ರಿ."

"ಪರವಾಗಿಲ್ಲ ಮೇಡಂ, ಕಾಯ್ತೀನಿ."

ಇಂದುಮತಿ ಫೋನನ್ನು ಅಂಗೈಯಿಂದ ಮುಚ್ಚಿ, ಪಕ್ಕದಲ್ಲಿ ಕೂತಿದ್ದ ಮೈದುನನ ಮುಖ ನೋಡಿದರು. ಅವನದು ಥೇಟ್ ಅಣ್ಣನದೇ ದನಿ.

"ನನ್ನ ಕೈಲೆ ಆಗಂಗಿಲ್ರಿ ವೈನಿ," ಎಂದು ಅವನು ಪಿಸುಗುಟ್ಟಿದ.

"ಮಗಳು ಅಲ್ಲಿ ಒಬ್ಬಾಕಿನ ಅದಾಳಪ್ಪಾ. ಹೂಂ ಅಂದುಬಿಡು, ಸಾಕು."

ಅವನು ಫೋನ್ ತೆಗೆದುಕೊಂಡು ಅಣ್ಣನ ಹೆಸರು ಹೇಳಿದ, ಹುಟ್ಟಿದ ತಾರೀಖು ಹೇಳಿದ. ಆ ದನಿಯನ್ನು ಕೇಳಲಾಗದೆ ಇಂದುಮತಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಚೆ ಕಡೆ ಟೈಪ್ ಮಾಡುತ್ತಿದ್ದ ಸದ್ದು ನಿಂತುಹೋಯಿತು. ಹುಡುಗಿ ಮೆಲ್ಲಗೆ ಹೇಳಿದಳು:

"ಸಾರ್, ನಿಮ್ಮ ಖಾತೆ ಈಗಷ್ಟೇ ತೆರೆದೆ. ಈ ಪಾಯಿಂಟ್ಸ್ ಎಲ್ಲಾ ಅಮ್ಮನ ಹೆಸರಿಗೆ ಮಾಡಿಕೊಡಿ ಅಂತ ನಿಮ್ಮ ಮಗಳು ನಿನ್ನೆ ಮೇಲ್ ಕಳಿಸಿದಾರೆ. ಅದರ ಜೊತೆ ನಿಮ್ಮ ಮರಣ ಪ್ರಮಾಣಪತ್ರಾನೂ ಇದೆ."