ಅಳಿಸದೆ ಉಳಿದ ರಂಗೋಲಿ

ಮೊನ್ನೆ ಬೆಳಗ್ಗೆ ಒದ್ದೆ ಬಟ್ಟೆ ಹಿಡಿದು ಬಾಗಿಲ ಮುಂದೆ ಕೂತಿದ್ದೆ... ರಂಗೋಲಿ ಅಳಿಸಲು.

ಹಾಕಿದ್ದು ನಾನಲ್ಲ. ನನ್ನ ಏಳು ವರ್ಷದ ಮಗಳು ಇಂಚರ.

ಅಂದು ನಮ್ಮ ಮಾವನವರ ತಿಥಿ. ತಿಥಿಯ ದಿನ ನಮ್ಮ ಮನೆಯಲ್ಲಿ ಬಾಗಿಲಿಗೆ ನೀರು ಹಾಕುತ್ತೇವೆ, ರಂಗೋಲಿ ಹಾಕುವುದಿಲ್ಲ. ಹಿಂದಿನ ದಿನವೇ ಅವಳಿಗೆ ಹೇಳಿದ್ದೆ.

ಆದರೂ ನನ್ನ ಗಂಡ ಎಡೆಗೆ ಹೂವು ಹಣ್ಣು ತರಲು ಹೊರಗೆ ಹೋಗಿ, ನಾನು ಒಲೆಯ ಮುಂದೆ ಇದ್ದಾಗ ಮೆಟ್ಟಿಲ ಮೂಲೆಯಲ್ಲಿ ಅಂಗೈ ಅಗಲದ ಒಂದು ಸೊಟ್ಟ ಹೂವು ಬಿಡಿಸಿಬಿಟ್ಟಿದ್ದಳು.

ನಮ್ಮತ್ತೆ ಪುಟ್ಟತಾಯಮ್ಮ ಸ್ನಾನ ಮುಗಿಸಿ ಬರುವುದರೊಳಗೆ ಅದನ್ನು ಒರೆಸಬೇಕಿತ್ತು.

"ಅಕ್ಕಾರೆ... ಅದನ್ನ ಅಳಸಬ್ಯಾಡ್ರಿ."

ತಲೆ ಎತ್ತಿದೆ. ಗೇಟಿನ ಹೊರಗೆ ಒಬ್ಬ ಹುಡುಗಿ. ಹೆಗಲಲ್ಲಿ ಬ್ಯಾಗು, ಕಾಲಲ್ಲಿ ಒಂದೇ ಚಪ್ಪಲಿ.

"ಸ್ವಲ್ಪ ಒಳಗ ಬರ್ಲೇನ್ರಿ? ಹಿಂದ ಒಬ್ಬಾಂವ ಬರ್ಲಿಕ್ಕತ್ತಾನ."

ದನಿ ಮೆಲ್ಲಗಿತ್ತು. ಬೀದಿಯ ತುದಿಯಲ್ಲಿ ಒಂದು ಬೈಕು ತಿರುಗಿತು.

ನಾನು ಏಳುವ ಮೊದಲೇ ಇಂಚರ ಓಡಿಹೋಗಿ ಗೇಟು ತೆಗೆದಿದ್ದಳು.

ಹುಡುಗಿಯ ಹೆಸರು ಸಾಬಮ್ಮ. ಯಾದಗಿರಿ ಕಡೆಯವಳು. ಇಲ್ಲಿ ಮೈಸೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಿತ್ತು. ಹಾಸ್ಟೆಲ್ ರೂಮ್ ಕೊಡಿಸ್ತೀನಿ ಅಂತ ಫೋನಿನಲ್ಲಿ ಹೇಳಿದವನು ಬಸ್ ಸ್ಟ್ಯಾಂಡಿನಿಂದ ಕರೆದುಕೊಂಡು ಹೋದದ್ದು ಒಂದು ಖಾಲಿ ಮನೆಗೆ.

"ಒಬ್ಬ ಹೆಣ್ಮಗಳೂ ಇರ್ಲಿಲ್ರಿ ಅಲ್ಲಿ. ನನ್ನ ಫೋನೂ ಕಸಗೊಂಡ. ಅಂವ ಬಾಗ್ಲಾ ಹಾಕಾಕ ತಿರುಗಿದಾಗ ಓಡಿಬಂದೆ..."

ನೀರು ಕೊಟ್ಟೆ. ಒಂದೇ ಗುಟುಕಿಗೆ ಕುಡಿದಳು.

"ನಮ್ಮವ್ವ ಹೇಳಿದ್ಳ್ರಿ... ಗೊತ್ತಿಲ್ಲದ ಊರಾಗ ತ್ರಾಸ ಆದ್ರ ರಂಗೋಲಿ ಹಾಕಿದ ಮನಿಗಿ ಹೋಗು, ಒಳಗ ಒಬ್ಬಾಕಿ ಎದ್ದಿರ್ತಾಳ ಅಂತ. ಆ ಮೂಲಿ ಮನಿ ಮುಂದ ದೊಡ್ಡ ರಂಗೋಲಿ ಇತ್ತು. ಭಾಳ ಹೊತ್ತು ಬಾಗ್ಲಾ ಬಡದೆ. ಆಮ್ಯಾಲ ನೋಡಿದ್ರ... ಅದು ಸ್ಟಿಕ್ಕರ್ರಿ."

ಆ ಮನೆಯವರು ಊರಿನಲ್ಲೇ ಇರಲಿಲ್ಲ...

ಅಷ್ಟರಲ್ಲಿ ಅತ್ತೆ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬಂದರು. ಹುಡುಗಿಯನ್ನು ನೋಡಿದರು. ಒಂಟಿ ಚಪ್ಪಲಿ ನೋಡಿದರು. ಮೆಟ್ಟಿಲ ಮೇಲಿನ ಹೂವನ್ನೂ ನೋಡಿದರು.

ನಾನು ಎಲ್ಲ ಹೇಳಿದೆ. ಅವರು ಕುರ್ಚಿ ಎಳೆದು ಬಾಗಿಲಿಗೆ ಅಡ್ಡವಾಗಿ ಹಾಕಿಕೊಂಡು ಕೂತರು.

ನಾನು ಸಾಬಮ್ಮನನ್ನು ಅಡುಗೆಮನೆಗೆ ಕರೆದೊಯ್ದು 112ಕ್ಕೆ ಫೋನ್ ಮಾಡಿದೆ. ಬೀದಿಯಲ್ಲಿ ಎರಡು ಸುತ್ತು ಹಾಕಿದ ಬೈಕು ನಮ್ಮ ಗೇಟಿನ ಮುಂದೆಯೇ ಬಂದು ನಿಂತಿತು.

"ಅಮ್ಮ, ನಮ್ಮ ಹುಡುಗಿ ಒಳಗೆ ಬಂದ್ಲಲ್ಲ, ಸ್ವಲ್ಪ ಕಳ್ಸಿ. ಕೋಪ ಮಾಡ್ಕೊಂಡ್ ಬಂದ್ಬಿಟ್ಟಿದಾಳೆ."

"ಏನಾಗ್ಬೇಕಪ್ಪ ಅವಳು ನಿಂಗೆ?" ಅತ್ತೆ ಕೂತಲ್ಲಿಂದಲೇ ಕೇಳಿದರು.

"ತಂಗಿ."

"ಓಹೋ. ಹಂಗಾದ್ರೆ ನಿಮ್ಮವ್ವನ ಹೆಸರು ಹೇಳು. ಒಳಗೆ ಅವಳನ್ನೂ ಕೇಳ್ತೀನಿ. ಎರಡೂ ಒಂದೇ ಆದ್ರೆ ಕಳಿಸ್ಕೊಡ್ತೀನಿ."

ಅವನು ಬೀದಿಯ ಆ ತುದಿ, ಈ ತುದಿ ನೋಡಿದ.

"ಹೆತ್ತವಳ ಹೆಸರು ಮರ್ತೋಯ್ತಾ? ನಿಧಾನವಾಗಿ ನೆನಪು ಮಾಡ್ಕೊ. ಪೊಲೀಸ್ನೋರು ಬರೋತನಕ ನಂಗೂ ಬೇರೆ ಕೆಲ್ಸ ಇಲ್ಲ."

ಬೈಕು ಭರ್ರೆಂದು ಹೊರಟಿತು. ಇಂಚರ ಕಿಟಕಿಯಿಂದ ಅದರ ನಂಬರ್ ಓದಿದಳು. ನಾನು ಫೋನಿನಲ್ಲಿದ್ದವರಿಗೆ ಹಾಗೇ ಹೇಳಿದೆ.

ಅತ್ತೆ ಒಳಗೆ ಬಂದು ಕೇಳಿದ್ದು ಒಂದೇ... "ಏನಾದ್ರೂ ತಿಂದಿದ್ಯೇನವ್ವ?"

ಸಾಬಮ್ಮ ಇಲ್ಲ ಅಂತ ತಲೆ ಆಡಿಸಿದಳು.

"ಇವಳಿಗೆ ಎಲೆ ಹಾಕು" ಅಂದರು.

ನನಗೆ ಗಾಬರಿ. ಮಾವನವರಿಗೆ ಎಡೆ ಇಡುವ ಮೊದಲು ನಮ್ಮ ಮನೆಯಲ್ಲಿ ಯಾರೂ ಏನನ್ನೂ ಬಾಯಿಗೆ ಹಾಕುವಂತಿಲ್ಲ. ಹೋದ ವರ್ಷ ತಲೆನೋವು ಅಂತ ನನ್ನ ಗಂಡ ಕಾಫಿ ಕೇಳಿದ್ದಕ್ಕೇ ಅತ್ತೆ ಬೈದಿದ್ದರು.

"ಅತ್ತೆ, ಇನ್ನೂ ಎಡೆ..."

"ಅವರು ಕಾಯ್ತಾರೆ ಬಿಡು."

ಅತ್ತೆ ಮಾವನ ಫೋಟೋ ಕಡೆ ನೋಡಿದರು. ದನಿ ತಗ್ಗಿತು...

"ಮದುವೆಯಾಗಿ ಈ ಊರಿಗೆ ಹೊಸದಾಗಿ ಬಂದಿದ್ದೆ. ಸಂತೇಪೇಟೇಲಿ ಇವರ ಕೈ ತಪ್ಪೋಯ್ತು. ಅಳ್ತಾ ನಿಂತಿದ್ದೋಳನ್ನ ಯಾರೋ ಹೂ ಮಾರೋಳು ಪಕ್ಕದಲ್ಲಿ ಕೂರಿಸ್ಕೊಂಡ್ಳು. ಕರೆಯೋಕೆ ಬಂದೋರ ಜೊತೆಗೆಲ್ಲ ಜಗಳ ಆಡಿದ್ಲು. ನಿಮ್ಮ ಮಾವ ಬರೋವರೆಗೂ ನನ್ನ ಬಿಟ್ಟುಕೊಡಲಿಲ್ಲ. ಅವಳ ಹೆಸರೂ ನಾವು ಕೇಳ್ಲಿಲ್ಲ..."

"ನಿಮ್ಮ ಮಾವ ಸಾಯೋ ತನಕ ಹೇಳ್ತಿದ್ರು. ಅವಳಿಗೆ ಒಂದು ಊಟ ಹಾಕ್ಬೇಕಿತ್ತು ಪುಟ್ತಾಯಿ ಅಂತ."

ಕಣ್ಣು ಒರೆಸಿಕೊಂಡು ಎಲೆಯನ್ನು ತಾವೇ ಹಾಕಿದರು. "ಇವತ್ತು ಹಾಕೋಣ."

ಮಾವನವರಿಗೆ ಅಂತ ಮಾಡಿದ ಪಾಯಸ ಮೊದಲು ಬಿದ್ದದ್ದು ಸಾಬಮ್ಮನ ಎಲೆಗೆ. ಅವಳು ಉಂಡಳೋ, ಅತ್ತಳೋ... ಎರಡೂ ಒಟ್ಟಿಗೇ ನಡೆದಿತ್ತು.

ಊಟ ಮುಗಿಯುವ ಹೊತ್ತಿಗೆ ಮಹಿಳಾ ಪೊಲೀಸರು ಬಂದು ದೂರು ಬರೆದುಕೊಂಡರು. ಅವಳ ಅವ್ವನ ಜೊತೆ ನನ್ನ ಫೋನಿನಿಂದ ಮಾತಾಡಿಸಿದೆವು. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿದಾಗ, ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ವಿಳಾಸ ಕೊಟ್ಟರು.

ಮಧ್ಯಾಹ್ನ ಅತ್ತೆಯೇ ಆಟೋದಲ್ಲಿ ಹೋಗಿ ಬಿಟ್ಟುಬಂದರು. ರೂಮು, ಚಿಲಕ, ವಾರ್ಡನ್... ಮೂರನ್ನೂ ಪರೀಕ್ಷೆ ಮಾಡಿದರಂತೆ. ಹೋಗುವಾಗ ಕಾಲಲ್ಲಿದ್ದ ಅತ್ತೆಯ ಹೊಸ ಚಪ್ಪಲಿ, ಬರುವಾಗ ಇರಲಿಲ್ಲ.

ಆ ದಿನವೆಲ್ಲ ಇಂಚರ ನನ್ನ ಸೆರಗು ಹಿಡಿದೇ ಓಡಾಡಿದಳು. ಏನೋ ಕೇಳಲು ಬಾಯಿ ತೆರೆಯುವುದು, ಮತ್ತೆ ಮುಚ್ಚುವುದು. "ಏನು ಪುಟ್ಟ?" ಅಂದರೆ "ಏನಿಲ್ಲಮ್ಮ" ಅನ್ನುವುದು.

ನಾನು ಒದ್ದೆ ಬಟ್ಟೆ ಮತ್ತೆ ಕೈಗೆತ್ತಿಕೊಂಡಾಗ ಅತ್ತೆ ಹೇಳಿದರು, "ಇರ್ಲಿ ಬಿಡು. ಮಗು ಹಾಕಿದ್ದು ತಾನೆ?"

ಇವತ್ತು ಭಾನುವಾರ, ಸಾಬಮ್ಮ ಊಟಕ್ಕೆ ಬರುತ್ತಾಳೆ. ಬೇಳೆ ಬೇಯಲು ಇಟ್ಟು ಇದನ್ನು ಬರೆಯುತ್ತಿದ್ದೇನೆ.

ನಾವು ಇಂದು ಯಾರದೋ ಮಗಳಿಗೆ ತೆರೆದ ಬಾಗಿಲೇ, ನಾಳೆ ನಮ್ಮ ಮಗಳಿಗೆ ಯಾವುದೋ ಊರಿನಲ್ಲಿ ತೆರೆದುಕೊಳ್ಳುವ ಬಾಗಿಲು.

ಇವತ್ತು ಬೆಳಗ್ಗೆ ನನ್ನ ಪಕ್ಕದಲ್ಲಿ ಕೂತು ಚುಕ್ಕಿ ಇಡುತ್ತಿದ್ದ ಇಂಚರ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಳು. ಕೊನೆಗೂ ಕೇಳಿಬಿಟ್ಟಳು...

"ಅಮ್ಮ, ನಾನು ದೊಡ್ಡವಳಾಗಿ ಗೊತ್ತಿಲ್ಲದ ಊರಿಗೆ ಹೋದಾಗ... ಅಲ್ಲಿ ಯಾರಾದ್ರೂ ಎದ್ದಿರ್ತಾರಾ?"