ಹೊಂದಿಸಿ ಬರೆಯಿರಿ

"ಹೊಂದಿಸಿ ಬರೆಯಿರಿ," ಎಂದಿತು ಹೆಡ್‌ಫೋನಿನ ದನಿ. ಆಮೇಲೆ ಸುಮ್ಮನಾಯಿತು. ಗಂಗೆ ಟ್ಯಾಬ್ ಕೀ ಒತ್ತಿದಳು, ಬಾಣದ ಕೀ ಒತ್ತಿದಳು, ಪುಟದ ಮೇಲಕ್ಕೆ ಹೋಗಿ ಮತ್ತೆ ಕೆಳಗಿಳಿದಳು. "ಹೊಂದಿಸಿ ಬರೆಯಿರಿ." ಏನನ್ನು ಯಾವುದಕ್ಕೆ ಹೊಂದಿಸಬೇಕು ಎಂಬುದನ್ನು ಮಾತ್ರ ಕಂಪ್ಯೂಟರ್ ಬಾಯಿಬಿಡಲೊಲ್ಲದು.

ಶಿರಸಿಯ ತರಬೇತಿ ಕೇಂದ್ರದಲ್ಲಿ ಅಂದು ಕೊನೆಯ ಪರೀಕ್ಷೆ. ಸಿದ್ದಾಪುರದ ಕಡೆಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವ ಗಂಗೆಗೆ ಹುಟ್ಟಿನಿಂದಲೇ ಕಣ್ಣು ಕಾಣದು; ಪರದೆಯ ಮೇಲಿದ್ದುದನ್ನು ಕಂಪ್ಯೂಟರೇ ಓದಿ ಹೇಳಬೇಕು. ಪಾಠಕ್ಕೆ ಕಂಪ್ಯೂಟರ್ ಬಳಸುವುದನ್ನು ಹೇಳಿಕೊಡುವ ಈ ಕೋರ್ಸಿಗೆ ಅವಳು ಯಾರ ಒತ್ತಾಯಕ್ಕೂ ಸೇರಿದವಳಲ್ಲ. ಚಿತ್ರಕ್ಕೊಂದು ವಿವರಣೆ, ಬಟನ್ನಿಗೊಂದು ಹೆಸರು ಕೊಟ್ಟರೆ ಕಾಣದವರೂ ಜಾಲತಾಣ ಬಳಸಬಹುದೆಂದು ಕಲಿತ ದಿನ, ಊಟಕ್ಕೆ ಕೂತ ಗಂಡ ಸದಾಶಿವನನ್ನು ಎಬ್ಬಿಸಿಕೊಂಡು ಬಂದು ಅಂಥ ಪುಟವೊಂದನ್ನು ಕಂಪ್ಯೂಟರ್ ಓದುವುದನ್ನು ಕೇಳಿಸಿದ್ದಳು. ಪಾಸಾದರೆ ತಾಲೂಕಿನ ಶಾಲೆಗಳಿಗೆ ಪಾಠದ ತಾಣ ಕಟ್ಟುವ ತಂಡ ಸೇರಬಹುದು. ಇವತ್ತಿನ ಪರೀಕ್ಷೆಯ ವಿಷಯವೂ ಅದೇ: ಎಲ್ಲರೂ ಬಳಸಬಲ್ಲ ಜಾಲತಾಣ.

"ಎಂತಾಯ್ತು ಮೇಡಂ? ಉಳಿದವರದ್ದೆಲ್ಲ ಮುಗೀತು," ಎಂದು ತರಬೇತುದಾರ ಮನೋಹರ ಹತ್ತಿರ ಬಂದ.

"ನಂದು ಶುರುವೇ ಆಗ್ಲಿಲ್ಲ ಸರ್. ಪ್ರಶ್ನೆ ಓದ್ತಾ ಇಲ್ಲ."

ಅವನು ಬಗ್ಗಿ ನೋಡಿದ. "ಓ, ಇದು ಮೌಸಿಂದ ಎಳೆದು ಜೋಡಿಸೋದು. ನೋಡೋಕೆ ಚೆಂದ ಇರ್ಲಿ ಅಂತ ನಾನೇ ಹಾಗೆ ಮಾಡಿದ್ದು."

"ಚೆಂದ ಆಗಿದ್ಯಾ?"

ಅವನು ಮೌಸಿಗೆ ಕೈ ಹಾಕಿದ. "ನಾನು ಓದ್ತೇನೆ, ನೀವು ಉತ್ತರ ಹೇಳಿ. ನಾನೇ ಎಳೆದು ಬಿಡ್ತೇನೆ. ಬೇಗ ಮುಗೀತದೆ."

ಗಂಗೆ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಬಸ್ ಟಿಕೆಟ್ ಕಾದಿರಿಸುವಾಗ, ಎಲ್ಲ ಕಡೆಯೂ ಇದೇ ಮಾತು. ನೀವು ಹೇಳಿ, ನಾವು ಒತ್ತುತ್ತೇವೆ. ಹೇಳಿದ್ದನ್ನೇ ಒತ್ತಿದರೋ, ತಮಗೆ ತೋಚಿದ್ದನ್ನೋ, ಅವಳಿಗೆ ಇಂದಿನವರೆಗೂ ಗೊತ್ತಿಲ್ಲ.

"ಬೇಡ ಸರ್."

"ಹಾಗಾದ್ರೆ ನಿಮ್ಮ ಅಡಚಣೆ ಬರೆದು ಮೇಲೆ ಕಳಿಸ್ತೇನೆ. ಪರೀಕ್ಷೆ ಇಲ್ಲದೇ ಪಾಸು ಮಾಡಿಸುವ. ಯಾರೂ ಆಗೂದಿಲ್ಲ ಅನ್ನೂದಿಲ್ಲ."

"ಅದೇ ತಲೆಬಿಸಿ ಮಾರಾಯ್ರೇ, ಯಾರೂ ಆಗೂದಿಲ್ಲ ಅನ್ನೂದಿಲ್ಲ." ಗಂಗೆಯ ದನಿ ಏರಿತು. "ಅಡಚಣೆ ನಂದು ಅಂತ ಯಾಕೆ ಬರೀತೀರಿ? ಪ್ರಶ್ನೆಪತ್ರಿಕೆದು ಅಂತ ಬರೀರಿ. ಮೌಸ್ ಇಲ್ಲದೇ ಬರೀ ಕೀಬೋರ್ಡಿನಲ್ಲೂ ಎಲ್ಲ ನಡೀಬೇಕು ಅಂತ ಪಾಠ ಮಾಡಿದ್ದು ನೀವೇ ಅಲ್ವಾ? ನಾನದನ್ನ ನಂಬಿ ಕಲ್ತೆ."

ಹೊರಗೆ ಉಳಿದ ಶಿಕ್ಷಕರು ಚಹಾ ಕುಡಿಯುತ್ತ ನಗುವುದು ಕೇಳುತ್ತಿತ್ತು. "ಬದಲಿಸೋಕೆ ಹೊತ್ತು ಹಿಡೀತದೆ," ಎಂದ ಮನೋಹರ. "ನಿಮ್ಮ ಬಸ್ಸು ತಪ್ತದೆ."

"ತಪ್ಪಲಿ. ಇನ್ನೊಂದು ಬರ್ತದೆ."

ಅವನು ಕುರ್ಚಿ ಎಳೆದುಕೊಂಡು ಕೂತು, ಪ್ರಶ್ನೆಗಳನ್ನು ಕೀಬೋರ್ಡಿನಿಂದಲೇ ಉತ್ತರ ಆರಿಸುವಂತೆ ಬದಲಿಸತೊಡಗಿದ. ಕೀಗಳ ಮೇಲೆ ಬೀಳುತ್ತಿದ್ದ ಪೆಟ್ಟಿನಲ್ಲೇ ಅವನ ಸಿಟ್ಟು ಗೊತ್ತಾಗುತ್ತಿತ್ತು. ಒಂದು ಪ್ರಶ್ನೆ ಸರಿಯಾದರೆ ಇನ್ನೊಂದು ಕೆಡುತ್ತಿತ್ತು. "ಇದೂ ಓದ್ಲಿಲ್ಲ," ಎಂದು ಗಂಗೆ ಹೇಳಿದಾಗಲೆಲ್ಲ ಅವನು ನಾಲಿಗೆ ಲೊಚಗುಟ್ಟುತ್ತಿದ್ದ. ಚಹಾದವರು ಹೊರಟುಹೋದರು. ಕಾವಲಿನವನು ಬಂದು ಬೀಗದ ಕೈ ಗೊಂಚಲು ಅಲ್ಲಾಡಿಸಿ ಹೋದ. ಗಂಗೆಗೂ ಸಾಕುಸಾಕಾಗಿತ್ತು. ಪಾಸು ಮಾಡಿಸ್ತೇನೆ ಎಂದಾಗಲೇ ಹ್ಞೂಂ ಅಂದಿದ್ದರೆ ಇಷ್ಟು ಹೊತ್ತಿಗೆ ಮನೆ ಮುಟ್ಟಿರುತ್ತಿದ್ದೆ ಎಂದೂ ಅನಿಸಿತು.

ಕಡೆಗೊಮ್ಮೆ ದನಿ ತಡೆಯದೆ ಓದಿತು. ಪ್ರಶ್ನೆ, ಅದರ ಕೆಳಗೆ ನಾಲ್ಕು ಉತ್ತರ. ಗಂಗೆ ಒಂದೊಂದನ್ನೇ ಕೇಳಿ, ಒಂದೊಂದನ್ನೇ ಆರಿಸಿ ಒತ್ತಿದಳು. ಅಕ್ಷರಕ್ಕೂ ಹಿನ್ನೆಲೆಗೂ ಯಾವ ಬಣ್ಣ ಕೂಡುತ್ತದೆ ಎಂಬ ಎರಡು ಪ್ರಶ್ನೆಗಳಲ್ಲಿ ತಡೆದಳು. ಬಾಯಿಪಾಠ ಮಾಡಿದ್ದು ಕೈಕೊಟ್ಟಿತು. ಅಂದಾಜಿನ ಮೇಲೆ ಒತ್ತಿ ಮುಂದೆ ಹೋದಳು.

"ಹತ್ತಕ್ಕೆ ಎಂಟು," ಎಂದಿತು ದನಿ.

"ಪಾಸಾದ್ರಿ," ಎಂದ ಮನೋಹರ ದಣಿದು. "ತಪ್ಪಾದದ್ದು ಬಣ್ಣದ ಪ್ರಶ್ನೆ ಎರಡೇ. ಅವನ್ನ ನಿಮಗೆ ಕೇಳಬಾರದಿತ್ತು. ತಡೀರಿ, ಉತ್ತರ ಸರಿ ಮಾಡಿ ಬಿಡ್ತೇನೆ."

ಗಂಗೆ ಕೀಬೋರ್ಡಿನ ಮೇಲೆ ಅಂಗೈ ಅಡ್ಡ ಇಟ್ಟಳು.

"ಮುಟ್ಟಬೇಡಿ ಸರ್. ಆ ಎರಡು ತಪ್ಪೂ ನಾನೇ ಮಾಡಿದ್ದು."